ಮಾವನ ಮನೆಯ ಗಾಜಿನ ತೊಟ್ಟಿ

ಮದುವೆಗೆ ಮಾವ ಹಾಕಿದ ಷರತ್ತು ಒಂದೇ. ಇರುವವಳು ಒಬ್ಬಳೇ ಮಗಳು, ಅಳಿಯ ಹಿರಿಯೂರಿನ ತಮ್ಮ ಮನೆಯಲ್ಲೇ ಇದ್ದು ಅಂಗಡಿ ನೋಡಿಕೊಳ್ಳಬೇಕು. ಯಲ್ಲದಕೆರೆಯಲ್ಲಿ ಕುರಿ ಸಾಕಿಕೊಂಡಿದ್ದ ನಮ್ಮಪ್ಪ ಮರುಮಾತಿಲ್ಲದೆ ಒಪ್ಪಿದ. ನಾನು ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಮುಗಿಸಿ, ಕಂಡ ಕಂಡಲ್ಲಿಗೆ ಅರ್ಜಿ ಹಾಕಿ ಕೂತಿದ್ದೆ. ಓದುವ ತಮ್ಮಂದಿರು ಮೂವರಿದ್ದರು. ನಾನೂ ತಲೆಯಾಡಿಸಿದೆ. ಎಪ್ಪತ್ತರ ದಶಕದ ನಡುವಿನ ಮಾತು ಇದು.

ಮಾವನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಅಂಗಡಿ ಕೆಳಗೆ, ಮನೆ ಮೇಲೆ. ಬೆಳಗ್ಗೆ ಹದಿನಾಲ್ಕು ಮೆಟ್ಟಿಲು ಇಳಿದರೆ ಕೆಲಸ, ಸಂಜೆ ಅದೇ ಮೆಟ್ಟಿಲು ಹತ್ತಿದರೆ ಊಟ. ಮಾವ ಕೆಟ್ಟವರಲ್ಲ. ನನ್ನ ಮುದ್ದೆಗೆ ತುಪ್ಪ ತಾವೇ ಹಾಕುವರು. ನನ್ನ ಅಂಗಿಯ ಬಟ್ಟೆ ತಾವೇ ಆರಿಸುವರು. ಕೂದಲು ಬೆಳೆದರೆ ಕ್ಷೌರದವನನ್ನು ಮನೆಗೇ ಕರೆಸುವರು. ಯಾವತ್ತಾದರೂ ಊರಿಗೆ ಹೋಗಿ ಬರುತ್ತೇನೆಂದರೆ, "ಅಲ್ಲೇನೈತಪ್ಪ?" ಎಂದು ನಿಜವಾಗಿ ಅರ್ಥವಾಗದವರಂತೆ ಕೇಳುವರು. ನಾನು ಮತ್ತೆ ಅಂಗಡಿಗೆ ಇಳಿಯುತ್ತಿದ್ದೆ.

ಮದುವೆಯಾದ ಆರು ತಿಂಗಳಿಗೆ ಶ್ರೀರಾಂಪುರದ ಹೈಸ್ಕೂಲಿನಿಂದ ಕಾಗದ ಬಂತು. ವಿಜ್ಞಾನದ ಮೇಷ್ಟ್ರ ಕೆಲಸಕ್ಕೆ ಬಂದು ಸೇರಿಕೊಳ್ಳಿ ಎಂದಿತ್ತು. ಅಂಚೆಯವನಿಂದ ಅದನ್ನು ಇಸಕೊಂಡವರು ಮಾವ. ಓದಿ, ಮಡಚಿ, ಜೇಬಿಗಿಟ್ಟುಕೊಂಡು, ಪಾಪ ಯಾರಾದರೂ ಗತಿಯಿಲ್ಲದವರಿಗೆ ಸಿಗಲಿ ಬಿಡು ಅಂದರು. ನಾನು ಗಾಜು ಕೊಯ್ಯುತ್ತಿದ್ದೆ. ಕೈ ನಿಲ್ಲಿಸದೆ ಕೊಯ್ಯುತ್ತಲೇ ಇದ್ದೆ. ಮೇಲೆ ಹೋದಾಗ ಹೆಂಡತಿ ನನ್ನ ಮುಖ ನೋಡಿ ತಟ್ಟೆ ಹಾಕಿದಳು.

ಆಮೇಲೆ ಕೆಲವು ವಾರ ಬಿಡುವಾದಾಗಲೆಲ್ಲ ಒಬ್ಬನೇ ಮನೆಯ ಹಿಂದೆ ಹೋಗಿ ಕೂರುತ್ತಿದ್ದೆ. ಹಿತ್ತಲಲ್ಲಿ ಅಳತೆ ತಪ್ಪಿ ಬೇಡವಾದ ದಪ್ಪ ಗಾಜುಗಳು ಬಿದ್ದಿದ್ದವು. ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಹೇಳುತ್ತಿದ್ದ ಮೇಷ್ಟ್ರ ಮನೆಯ ನಡುಮನೆಯಲ್ಲಿ ಮೀನಿನ ತೊಟ್ಟಿಯೊಂದಿತ್ತು. ಅದು ನೆನಪಾಗಿ, ಗಾಜು ಒರೆಸಿ ನೋಡಿದೆ. ಆಂಗಲ್ ಕಬ್ಬಿಣದ ಚೌಕಟ್ಟು ಮಾಡಿಸಿ, ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಕಲಸಿದ ಪುಟ್ಟಿಯಲ್ಲಿ ಗಾಜು ಕೂರಿಸಿದೆ. ಪುಟ್ಟಿ ಒಣಗಲು ಎರಡು ವಾರ ಹಿಡಿಯಿತು. ನೀರು ತುಂಬಿದಾಗ ಒಂದು ಮೂಲೆಯಲ್ಲಿ ಸೋರಿತು. ಬಿಚ್ಚಿ ಮತ್ತೆ ಮೆತ್ತಿದೆ. ನಮ್ಮ ಕೋಣೆಯ ಕಿಟಕಿ ಪಕ್ಕದ ಮೇಜಿನ ಮೇಲೆ ಅದನ್ನು ಇಟ್ಟ ದಿನ, ಆ ಮನೆಯಲ್ಲಿ ನಾನೇ ಯೋಚಿಸಿ ಮಾಡಿದ ಮೊದಲ ವಸ್ತು ಅದು ಅನ್ನಿಸಿತು.

ಮಾವನಿಗೂ ಖುಷಿಯಾಯಿತು. ಖುಷಿಯಾದರೆ ಅವರಿಗೆ ತಡೆಯುತ್ತಿರಲಿಲ್ಲ. ಗಾಜಿನ ಲೋಡು ತರಲು ಬೆಂಗಳೂರಿಗೆ ಹೋದವರು ಆರು ಬಂಗಾರದ ಮೀನುಗಳನ್ನು ಕ್ಯಾನಿನಲ್ಲಿ ಹಾಕಿಕೊಂಡು ಬಂದರು. ಅವತ್ತು ಬೆಳಗ್ಗೆಯಷ್ಟೇ ನಲ್ಲಿ ನೀರು ತುಂಬಿದ್ದೆ. ಬಿಡೋದು ಬೇಡ ಅಂತ ಬಾಯಿಗೆ ಬಂದಿತ್ತು, ಆದರೆ ಯಾಕೆ ಬೇಡ ಅಂತ ಹೇಳಲು ನನಗೂ ಗೊತ್ತಿರಲಿಲ್ಲ. ಅವರೇ ಬಿಟ್ಟರು. ಮರುದಿನ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನಾಲ್ಕನೇ ದಿನಕ್ಕೆ ಒಂದೂ ಉಳಿಯಲಿಲ್ಲ. ಮನೆಯೊಳಗೆ ಸಾವು ನೋಡೋದು ಒಳ್ಳೇದಲ್ಲ, ಹೊಸದಾಗಿ ಮದುವೆಯಾದವರ ಕೋಣೆ ಬೇರೆ ಎಂದು ಅತ್ತೆ ಗೊಣಗಿದರು.

ಮೇಷ್ಟ್ರನ್ನು ಕಂಡು ಬರುತ್ತೇನೆಂದು ಮಾವನ ಅಪ್ಪಣೆ ಕೇಳಿದೆ. ಇಪ್ಪತ್ತಾರು ವರ್ಷದವನು, ಹುಡುಗರ ಹಾಗೆ ಕೈಕಟ್ಟಿ ನಿಂತು ಕೇಳಿದೆ. ಮಧ್ಯಾಹ್ನದ ಬಸ್ಸಿಗೆ ವಾಪಸ್ಸು ಬಂದುಬಿಡು ಎಂದು ಕಳಿಸಿದರು. ಚಿತ್ರದುರ್ಗದಲ್ಲಿ ಮೇಷ್ಟ್ರು ನನ್ನ ಕಥೆ ಕೇಳಿ ಬೈಯಲಿಲ್ಲ.

"ಹೊಸ ನೀರಲ್ಲಿ ಮೀನಿನ ಹೊಲಸೇ ಮೀನಿಗೆ ವಿಷ ಕಣಯ್ಯ," ಅಂದರು. "ಆ ವಿಷ ತಿನ್ನೋ ಕ್ರಿಮಿಗಳು ಮರಳಲ್ಲಿ ಮನೆ ಮಾಡಬೇಕು. ಅದಕ್ಕೆ ತಿಂಗಳ ಮೇಲೆ ಬೇಕು. ಅಲ್ಲೀವರೆಗೆ ಕೈ ಹಾಕಬೇಡ."

ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ, ಎರಡು ದಿನ ಬಿಸಿಲಿಗೆ ಇಡದೆ ಬಳಸಬಾರದು ಎಂದೂ, ಮೊದಲು ಕಾಲುವೆಯ ಗಟ್ಟಿ ಜೀವದ ಒಂದೆರಡು ಮೀನು ಮಾತ್ರ ಬಿಡಬೇಕು ಎಂದೂ ಹೇಳಿದರು. ತಮ್ಮ ತೊಟ್ಟಿಯ ತಳದಿಂದ ಎರಡು ಬೊಗಸೆ ಹಳೇ ಮರಳು ತೆಗೆದು ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಟ್ಟರು. ಒಣಗಿದರೆ ಆ ಕ್ರಿಮಿಗಳು ಸಾಯುತ್ತವೆ, ಬೇಗ ಹೋಗು ಎಂದರು.

ಬಸ್ ಸ್ಟ್ಯಾಂಡಿನಲ್ಲಿ ಹಿರಿಯೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ಹೊಳಲ್ಕೆರೆ, ಹೊಸದುರ್ಗದ ಮೇಲೆ ಶ್ರೀರಾಂಪುರಕ್ಕೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಕಂಡಕ್ಟರ್ ನನ್ನನ್ನು ನೋಡಿ, "ಬರ್ರಿ, ಸೀಟು ಅವೆ" ಅಂದ. ನಾನು ಹತ್ತಿ ಕೂತೆ. ಹೌದು, ಕೂತೆ. ಆ ಕೆಲಸಕ್ಕೆ ಇನ್ಯಾರೋ ಸೇರಿ ತಿಂಗಳುಗಳಾಗಿರುತ್ತವೆ ಎಂದು ಗೊತ್ತಿತ್ತು. ಆದರೂ ಆ ಊರನ್ನಾದರೂ ನೋಡಿ ಬರೋಣ ಅನ್ನಿಸಿತು. ತೊಡೆಯ ಮೇಲಿದ್ದ ಗಂಟಿನಿಂದ ನೀರು ಇಳಿದು ಪಂಚೆಯೆಲ್ಲ ಒದ್ದೆಯಾಗುತ್ತಿತ್ತು. ಹೆಂಡತಿಗೆ ಹೇಳದೆ ಹೇಗೆ ಹೋಗಲಿ ಎಂಬುದೊಂದು, ಮಾವ ಬಾಗಿಲಲ್ಲಿ ಕಾಯುತ್ತಾರೆ ಎಂಬುದೊಂದು. ಡ್ರೈವರ್ ಹತ್ತುವ ಹೊತ್ತಿಗೆ ಇಳಿದುಬಿಟ್ಟೆ. ನನ್ನ ಪುಕ್ಕಲುತನಕ್ಕೆ ಅವತ್ತು ಬಂದಷ್ಟು ನಾಚಿಕೆ ಮತ್ತೆಂದೂ ಬಂದಿಲ್ಲ.

ಹಿರಿಯೂರಿಗೆ ಬಂದು, ತೊಟ್ಟಿಯ ತಳಕ್ಕೆ ಮೇಷ್ಟ್ರು ಕೊಟ್ಟ ಮರಳು ಸುರಿದು, ಎಲ್ಲ ಹೊಸದಾಗಿ ಶುರುಮಾಡಿದೆ. ಮಾರಿಕಣಿವೆ ಕಾಲುವೆಯಿಂದ ಎರಡು ಸಸಲು ಮೀನು, ಒಂದು ಹಿಡಿ ಜೊಂಡು ತಂದೆ. ಒಂದು ವಾರಕ್ಕೆ ನೀರು ಗಂಜಿಯ ಹಾಗೆ ಬೆಳ್ಳಗಾಯಿತು. ಚೆಲ್ಲಿಬಿಡು ಎಂದು ಮಾವ ದಿನಕ್ಕೆರಡು ಸಲ ಹೇಳಿದರು. ನಾನು ಹೂಂ ಅಂದು ಸುಮ್ಮನಿದ್ದೆ. ನಾನು ಅಂಗಡಿಯಲ್ಲಿದ್ದಾಗ ಹೆಂಡತಿ ಕಾವಲಿರುತ್ತಿದ್ದಳು. ಬಿಸಿಲಿಗಿಟ್ಟ ನೀರನ್ನು ವಾರಕ್ಕೊಮ್ಮೆ ಎರಡು ಚೊಂಬಿನಷ್ಟು ಬದಲಿಸುವುದು, ಮಂಡಕ್ಕಿಯ ಪುಡಿ ಚಿಟಿಕೆಯಷ್ಟೇ ಹಾಕುವುದು ಅವಳ ಕೆಲಸ. ಮೂರನೇ ವಾರ ನೀರು ತಾನಾಗಿ ತಿಳಿಯಾಯಿತು. ಗಾಜಿಗೆ ಕಂದು ಪಾಚಿ ಹತ್ತಿತು, ಆಮೇಲೆ ಹಸಿರು. ನಲವತ್ತು ದಿನ ಕಳೆದ ಮೇಲೆ ನಾಲ್ಕು ಬಂಗಾರದ ಮೀನು ತರಿಸಿ ಒಂದೊಂದಾಗಿ ಬಿಟ್ಟೆವು. ಎಲ್ಲವೂ ಬದುಕಿದವು. ಸಂಜೆ ಅದರ ಮುಂದೆ ಕೂತು ನಾವಿಬ್ಬರೂ ಆಡಿದಷ್ಟು ಮಾತು ಮದುವೆಯಾದ ಮೇಲೆ ಆಡಿರಲಿಲ್ಲ. ಶ್ರೀರಾಂಪುರದ ಬಸ್ಸು ಹತ್ತಿ ಇಳಿದದ್ದನ್ನೂ ಅವಳಿಗೆ ಹೇಳಿದೆ. ಅವಳು ಎದ್ದು ಒಂದು ಚಿಟಿಕೆ ಮಂಡಕ್ಕಿ ಪುಡಿ ನೀರಿಗೆ ಉದುರಿಸಿದಳು.

ಎಂಟು ತಿಂಗಳು ಹಾಗೆ ನಡೆಯಿತು. ಒಂದು ದಿನ ನನ್ನನ್ನು ಆದಿವಾಲಕ್ಕೆ, ಒಬ್ಬರ ಹೊಸ ಮನೆಯ ಕಿಟಕಿಗಳಿಗೆ ಗಾಜು ಕೂರಿಸಲು ಕಳಿಸಿದರು. ಹೆಂಡತಿಯೂ ಅವತ್ತು ಅತ್ತೆಯ ಜೊತೆ ದೇವಸ್ಥಾನಕ್ಕೆ ಹೋಗಿದ್ದಳು. ಸಂಜೆ ಬಂದರೆ ತೊಟ್ಟಿ ಅಂಗಡಿಯ ಮುಂಭಾಗದಲ್ಲಿತ್ತು. ನೀರೆಲ್ಲ ಹೊಸದು. ಮರಳನ್ನು ವಾಷಿಂಗ್ ಸೋಡಾ ಹಾಕಿ ಉಜ್ಜಿ ಬೆಳ್ಳಗೆ ಮಾಡಿದ್ದರು. ಮೀನುಗಳು ಮೂಲೆಯಲ್ಲಿ ಗುಂಪಾಗಿ ನಿಂತಿದ್ದವು. ಗಿರಾಕಿಗಳ ಕಣ್ಣಿಗೆ ಬೀಳಲಿ, ನಿನಗೂ ಹೆಸರು ಬರುತ್ತೆ ಎಂದು ಮಾವ ನಗುತ್ತಾ ಹೇಳಿದರು.

"ನನ್ನನ್ನೊಂದು ಮಾತು ಕೇಳಬೇಕಿತ್ತು ಮಾವ," ಅಂದೆ. ಅವರೆದುರು ಹಾಗೆ ಅಂದದ್ದು ಅದೇ ಮೊದಲು.

ಅವರಿಗೆ ಸಿಟ್ಟು ಬರಲಿಲ್ಲ. ಗೊಂದಲವಾಯಿತು. "ನಮ್ಮನೇದನ್ನ ನಮ್ಮಂಗಡೀಲಿ ಇಡಾಕೆ ಯಾರನ್ನ ಕೇಳಬೇಕಪ್ಪ?" ಅಂದರು.

ಮೀನುಗಳು ಒಂದೇ ದಿನ ಸಾಯಲಿಲ್ಲ. ಕಾಲುವೆ ನೀರು ತಂದು ಹಾಕಿದೆ, ಜೊಂಡು ಹಾಕಿದೆ. ಒಂಬತ್ತು ದಿನದಲ್ಲಿ ಒಂದೊಂದಾಗಿ ಹೋದವು. ಪ್ರತಿ ಬೆಳಗ್ಗೆ ನಾನು ಮೆಟ್ಟಿಲಿಳಿಯುವ ಮುಂಚೆಯೇ ಮಾವ ಸತ್ತ ಮೀನು ತೆಗೆದು ಹೊರಗೆ ಹಾಕಿರುತ್ತಿದ್ದರು. ಅವರಿಗೂ ಬೇಸರವಾಗಿತ್ತು. ಬೆಂಗಳೂರಿನಿಂದ ಇನ್ನೊಂದು ಡಜನ್ ತರುತ್ತೇನೆ ಅಂದರು.

ಕೊನೆಯದು ಹೋದ ದಿನ ನಾನು ಮೇಲೆ ಬಂದು ಖಾಲಿ ಮೇಜಿನ ಮುಂದೆ ಕೂತೆ. ಹೆಂಡತಿ ಟ್ರಂಕು ಎಳೆದು ತನ್ನ ಸೀರೆಗಳನ್ನು ಜೋಡಿಸುತ್ತಿದ್ದಳು. ಎಲ್ಲಿಗೆ ಅಂದೆ.

"ಹಿಂದಿನ ಬೀದೀಲಿ ಎರಡು ಕೋಣೆ ಮನೆ ಖಾಲಿ ಐತೆ. ಹೋಗಾಣ," ಅಂದಳು. "ಅಪ್ಪನಿಗೆ ನಾನೇ ಹೇಳ್ತೀನಿ. ನೀವು ಹೇಳಿದ್ರೆ ಅಳಿಯ ಬಿಟ್ಟೋದ ಅಂತಾರೆ."

ಅವಳೇ ಹೇಳಿದಳು. ಅತ್ತೆ ಅತ್ತರು. ಮಾವ ಅವತ್ತು ಊಟ ಮಾಡಲಿಲ್ಲ. ನಾನು ಅಂಗಡಿ ಬಿಡಲಿಲ್ಲ, ಬಿಡುವ ಹಾಗೂ ಇರಲಿಲ್ಲ. ತಮ್ಮಂದಿರ ಓದು ಅದರ ಮೇಲೆಯೇ ನಿಂತಿತ್ತು. ಎರಡು ತಿಂಗಳು ಅಕ್ಕಪಕ್ಕ ಕೂತು ಗಾಜು ಕೊಯ್ದೆವು, ಗಿರಾಕಿಗಳ ಮೂಲಕ ಮಾತಾಡಿದೆವು. ಆ ಎರಡು ತಿಂಗಳು ನನಗೆ ಅವರ ಪ್ರೀತಿಗಿಂತ ಹಗುರವಾಗಿದ್ದವು ಎಂದು ಹೇಳಲು ಈಗಲೂ ಸಂಕೋಚವಾಗುತ್ತದೆ.

ಒಂದು ಭಾನುವಾರ ಮಾವ ನಮ್ಮ ಬಾಡಿಗೆ ಮನೆಗೆ ಬಂದರು. ಕುರ್ಚಿ ಇರಲಿಲ್ಲ, ಚಾಪೆಯ ಮೇಲೆ ಕೂತರು. ಮಗಳು ಕೊಟ್ಟ ಟೀ ಕುಡಿದು, ಗಾಳಿ ಚೆನ್ನಾಗೈತೆ ಅಂದರು. ಎದ್ದು ಹೊರಡುವಾಗ ಬಾಗಿಲ ಚಿಲಕವನ್ನು ಎರಡು ಸಲ ಎಳೆದು ನೋಡಿ, ಸಡಿಲವಾಗಿದೆ, ಬದಲಿಸು ಎಂದರು. ನಾಳೆ ಎಂಟಕ್ಕೇ ಅಂಗಡಿಗೆ ಬಾ, ಕೆಲಸ ಬಹಳ ಇದೆ ಎಂದೂ ಹೇಳಿದರು. ಆಗಲಿ ಮಾವ, ಅಂದೆ.