ಬದಲಿ ಜೋಡಿ

ಅಣ್ಣ ಬಸವಕಲ್ಯಾಣದ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಕುಸ್ತಿ ಕಲಿತವನು. ನಾನು ಗುಲಬರ್ಗಾದಲ್ಲಿ ಎಂ.ಎ. ಮುಗಿಸಿ ಬಂದ ಮೇಲೆ ಅವನ ವ್ಯವಹಾರ ನನ್ನ ಪಾಲಿಗೆ ಬಂತು. ಎಲ್ಲಿ ಕುಸ್ತಿ ಹಿಡಿಯಬೇಕು, ಯಾರ ಜೊತೆ, ಯಾವ ಆಯೋಜಕನಿಗೆ ಹೂಂ ಅನ್ನಬೇಕು, ಎಲ್ಲ ನಾನೇ ನೋಡುತ್ತಿದ್ದೆ. ಕಾಗದಪತ್ರ ಏನೂ ಇರುತ್ತಿರಲಿಲ್ಲ. ಆಯೋಜಕ ಮನೆಗೆ ಬಂದು ಪೈಲ್ವಾನನ ಅಂಗೈ ಮೇಲೆ ಅಂಗೈ ಇಟ್ಟರೆ ಕುಸ್ತಿಯ ಜೋಡಿ ಗಟ್ಟಿಯಾದಂತೆ. ಆ ಕೈಗಳನ್ನು ನಾನು ಎಂದೂ ನಂಬಲಿಲ್ಲ.

ತೊಂಬತ್ತರ ದಶಕದ ನಡುವೆ ಹುಮನಾಬಾದಿನ ಬಟ್ಟೆ ಅಂಗಡಿಯ ಸೇಠ್ ಒಬ್ಬರು ಟಿಕೆಟ್ ಇಟ್ಟು ಕುಸ್ತಿ ನಡೆಸುತ್ತಿದ್ದರು. ಆ ಸಲದ ಹ್ಯಾಂಡ್‌ಬಿಲ್‌ನಲ್ಲಿ ಅಣ್ಣನ ಎದುರು ಸೊಲ್ಲಾಪುರದ ಹೆಸರಾಂತ ಪೈಲ್ವಾನನ ಫೋಟೋ ಇತ್ತು. ಅವನನ್ನು ಚಿತ್ ಮಾಡಿದರೆ ಮಹಾರಾಷ್ಟ್ರದ ದೊಡ್ಡ ಮೈದಾನಗಳಿಂದ ಕರೆ ಬರುತ್ತದೆ. ಅಣ್ಣನಿಗೆ ಆಗಲೇ ಇಪ್ಪತ್ತೆಂಟು. ಇಂಥ ಜೋಡಿ ಮತ್ತೆ ಸಿಗುವ ಭರವಸೆ ಇರಲಿಲ್ಲ.

ಕುಸ್ತಿಯ ದಿನ ಅಣ್ಣ ಲಂಗೋಟ ಕಟ್ಟಿ ಮೈಗೆ ಮಣ್ಣು ಹಚ್ಚಿಕೊಂಡಿದ್ದ. ಆಗ ಸೇಠ್ ಬಂದರು.

"ಪೈಲ್ವಾನ್, ಸೊಲ್ಲಾಪುರದವನ ಮೊಣಕಾಲ ಹೋಗ್ಯಾದ. ಬದಲಿ ತಂದೀನಿ, ಅಗೋ."

ಬದಲಿಯವನು ಅಣ್ಣನಿಗಿಂತ ಗೇಣು ಎತ್ತರ, ಯಾರೂ ಹೆಸರು ಕೇಳದವನು. ಅವನನ್ನು ಗೆದ್ದರೆ ಸುದ್ದಿಯಿಲ್ಲ, ಸೋತರೆ ಊರೂರಿಗೆ ಸುದ್ದಿ. ಸೇಠ್ ತಮ್ಮ ಹೊಸ ಪೈಲ್ವಾನನನ್ನು ಅಣ್ಣನ ಬೆನ್ನ ಮೇಲೆ ಹತ್ತಿಸಿ ಬೆಳೆಸಲು ನೋಡುತ್ತಿದ್ದಾರೆ ಅನ್ನಿಸಿತು.

"ಮೊಣಕಾಲ ಯಾವಾಗ ಹೋಯ್ತ್ರಿ ಸೇಠ್? ಹ್ಯಾಂಡ್‌ಬಿಲ್ ಛಾಪಿಸೂಕಿಂತ ಮೊದಲೋ, ಆಮ್ಯಾಲೋ?" ಎಂದೆ.

"ಓದಿದವರ ಮಾತ ಹ್ಯಾಂಗ ಅದ ನೋಡ್ರಿ! ಪೈಲ್ವಾನ್, ನಿನ್ನ ತಮ್ಮಗ ಲಂಗೋಟ ಕಟ್ಟಸು, ಇವನೇ ಹಿಡೀಲಿ," ಎಂದು ಸೇಠ್ ನಕ್ಕರು.

ನಾನು ಸಿಟ್ಟಿನಲ್ಲಿ ರಸ್ತೆಯಾಚೆಯ ಹೋಟೆಲಿಗೆ ಹೋದೆ. ಮೂಲೆಯಲ್ಲಿ ದಪ್ಪ ಕುತ್ತಿಗೆಯವನೊಬ್ಬ ಚಹಾ ಕುಡಿಯುತ್ತಿದ್ದ. ಹ್ಯಾಂಡ್‌ಬಿಲ್‌ನವನೇ. ಹಾಗೆಂದು ಅಂದಿನ ಡೈರಿಯಲ್ಲಿ ಬರೆದಿದ್ದೇನೆ. ಮಾತಾಡಿಸಲಿಲ್ಲ, ಅವನು ಎದ್ದು ನಡೆದರೆ ಕುಂಟುತ್ತಾನೋ ಎಂದು ನೋಡಲು ಕಾಯಲೂ ಇಲ್ಲ. ಓಡಿ ಬಂದು ಅಣ್ಣನಿಗೆ ಹೇಳಿದೆ:

"ಅವ ಹೋಟೆಲ್‌ದಾಗ ಚಹಾ ಕುಡ್ಯಾಕತ್ತಾನ. ನಾ ನೋಡೀನಿ."

"ಖರೇನ ನೋಡಿದಿ?"

"ಖರೇ."

ಅಣ್ಣ ಅಂಗಿ ಹಾಕಿಕೊಂಡ. ಮೈಗೆ ಮಣ್ಣು ಬಿದ್ದ ಮೇಲೆ ಕುಸ್ತಿ ಹಿಡಿಯದೆ ಅಂಗಿ ಹಾಕಿಕೊಳ್ಳುವುದು ನಮ್ಮ ಕಡೆ ಸೋಲಿಗಿಂತ ಕೆಟ್ಟದ್ದು. ಸೋತವನಿಗೆ ಇನ್ನೊಂದು ಜೋಡಿಯಾದರೂ ಸಿಗುತ್ತದೆ. ಊರಿಗೆ ಮರಳುವ ಬಸ್ಸು ರಾಜೇಶ್ವರ ದಾಟುವ ಹೊತ್ತಿಗೆ ಹಿಂದಿನ ಸೀಟಿನವರು "ಕಲ್ಯಾಣದ ಪೈಲ್ವಾನ ಅಂಜಿ ಓಡ್ಯಾನ" ಎನ್ನುತ್ತಿದ್ದರು. ಅಣ್ಣ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಆಮೇಲೆ ಯಾವ ಆಯೋಜಕನೂ ನಮ್ಮ ಮನೆಗೆ ಬರಲಿಲ್ಲ.

ಹತ್ತು ವರ್ಷದ ನಂತರ ಸೊಲ್ಲಾಪುರದ ಆ ಪೈಲ್ವಾನ ಒಂದು ಮದುವೆಗೆಂದು ಕಲ್ಯಾಣಕ್ಕೆ ಬಂದಿದ್ದ. ಹುಮನಾಬಾದಿನ ಆ ದಿನದ ಬಗ್ಗೆ ಅವನನ್ನು ಕೇಳಿದೆ. ಪ್ಯಾಂಟು ಮೇಲೆತ್ತಿ ಮೊಣಕಾಲಿನ ಹೊಲಿಗೆ ತೋರಿಸಿದ; ಆ ತಿಂಗಳೆಲ್ಲ ಹಾಸಿಗೆಯಲ್ಲಿದ್ದೆ ಎಂದ. ಹೊಲಿಗೆಯ ಮೇಲೆ ತಾರೀಖು ಇರುವುದಿಲ್ಲವಲ್ಲ, ಇವನಿಗೂ ಸೇಠ್ ಹೇಳಿಕೊಟ್ಟಿರಬಹುದು ಎಂದುಕೊಂಡೆ. ಆದರೆ ಅವನ ಮುಖವನ್ನು ಎಷ್ಟು ನೋಡಿದರೂ ಹೋಟೆಲಿನ ಮೂಲೆಯವನು ನೆನಪಾಗಲಿಲ್ಲ. ಹ್ಯಾಂಡ್‌ಬಿಲ್‌ನ ಫೋಟೋ ಮಾತ್ರ ಕಣ್ಣಮುಂದೆ ಬರುತ್ತಿತ್ತು.

ಮರುದಿನ ಅಣ್ಣನ ಬಳಿಗೆ ಹೋದೆ. ಅವನು ತಾಲೀಮಿನಲ್ಲಿ ಸಲಿಕೆ ಹಿಡಿದು ಅಖಾಡದ ಮಣ್ಣು ತಿರುವುತ್ತಿದ್ದ.

"ಅಣ್ಣಾ, ಅವತ್ತ ನಾ ನೋಡಿದ್ದು ಅವನಲ್ಲ ಕಾಣಸ್ತದ."

"ನೀ ಹೇಳದಿದ್ರೂ ನಾ ಹಿಡೀತಿರಲಿಲ್ಲ ಬಿಡು. ಆ ಬದಲಿಯವನ ತೋಳ ನೋಡಿ ಅಂಜಿಕಿ ಬಂದಿತ್ತು ನನಗ."

ಅಣ್ಣ ಯಾರಿಗೂ ಅಂಜಿದ್ದನ್ನು ನಾನು ಕಂಡಿಲ್ಲ. ಮುಖ ನೋಡಿ ತಿಳಿಯೋಣವೆಂದು ಎದುರಿಗೆ ಹೋದೆ. ಅವನು ನನಗೆ ಬೆನ್ನು ಮಾಡಿ ಇನ್ನೊಂದು ಮೂಲೆಯ ಮಣ್ಣು ತಿರುವತೊಡಗಿದ.