ಮರದ ಸಭೆಯ ಶಿಯಾರುಂಜಿ ಅಜ್ಜಿ

ನಮ್ಮ ‘ಎಂಬು’ ಸೀಮೆಯಲ್ಲಿ ಹೊಲದ ಮರಗಳ ಬಗ್ಗೆ ಎಲ್ಲೇ ಸಭೆ ನಡೆಯಲಿ, ಮುಂದಿನ ಸಾಲಿನಲ್ಲಿ ಶಿಯಾರುಂಜಿ ಅಜ್ಜಿ ಇರಲೇಬೇಕು. ಭಾಷಣ ಶುರುವಾದೊಡನೆ ಅವಳು ಗೊರಕೆ ಹೊಡೆಯುತ್ತಾಳೆ. ಹೊಲ ನೋಡಲು ಹೊರಟರೆ ಎಲ್ಲರಿಗಿಂತ ಮುಂದಿರುತ್ತಾಳೆ. ಕಂಡವರ ಸಿಲ್ವರ್ ಓಕ್ ಮರಗಳನ್ನು ತಬ್ಬಿ ದಪ್ಪ ಅಳೆದು, "ಸೊಟ್ಟಗಿರೋದನ್ನ ಕಡಿದುಹಾಕು ಮಗಾ, ಪಕ್ಕದ್ದಾದ್ರೂ ಉಸಿರಾಡ್ಲಿ" ಎಂದು ತೀರ್ಪು ಕೊಡುತ್ತಾಳೆ. ಅರಣ್ಯಾಧಿಕಾರಿ ನ್ಯಾಗಾ ಕೂಡ ಅದಕ್ಕೆ ತಲೆದೂಗುತ್ತಾನೆ. ಈ ಸಲ ನಾವು ಸಭೆಯವರು ಅವಳ ಹೊಲಕ್ಕೇ ಹೋದೆವು. ನೆಟ್ಟಗೆ ಬೆಳೆದ ಮರಗಳ ನಡುವೆ ಒಂದು ಮಾತ್ರ ಕುಡುಗೋಲಿನಂತೆ ಬಾಗಿ ನಿಂತಿತ್ತು. "ಇದನ್ಯಾಕೆ ಬಿಟ್ಟಿದ್ದೀರಿ ಅಜ್ಜಿ?" ಎಂದು ನ್ಯಾಗಾ ನಕ್ಕ. "ಸಸಿ ಇದ್ದಾಗ ನಮ್ಮೆಜಮಾನ್ರು ಇದಕ್ಕೆ ಹೋರಿ ಕಟ್ಟಿ ಬಗ್ಗಿಸಿಬಿಟ್ರು" ಎಂದಳು ಅಜ್ಜಿ, ತೊಗಟೆ ಸವರುತ್ತ. "ಅದಕ್ಕೇ ಅವರಿಗೆ ದಿನಾ ಬೆಳಿಗ್ಗೆ ಬೈತಿದ್ದೆ. ಈಗ ಅವರಿಲ್ಲ. ಇದನ್ನೂ ಕಡಿದ್ರೆ ಯಾರ ಮುಂದೆ ನಿಂತು ಬೈಲಿ ಮಗಾ?"