ಮಿಲಿಟ್ರಿ ಅಂಕಲ್ ಕೂಗಿದ ಮಧ್ಯಾಹ್ನ

ಇವತ್ತು ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಿ, ಮಗಳ ಡಬ್ಬಿಗೆ ಚಿತ್ರಾನ್ನ ತುಂಬಿ, ಸಾರಿಗೆಂದು ಬೆಳ್ಳುಳ್ಳಿ ಜಜ್ಜುತ್ತಿದ್ದೆ. ಆ ಹಸಿ ಘಾಟು ಮೂಗಿಗೆ ಬಡಿದದ್ದೇ ತಡ, ಕೈ ನಿಂತುಬಿಟ್ಟಿತು. ಎದುರುಮನೆಯ ಮಿಲಿಟ್ರಿ ಅಂಕಲ್ ನೆನಪಾದರು...

ಕೆಂಪಾಪುರದ ಈ ಬೀದಿಗೆ ನಾವು ಬರುವ ಹೊತ್ತಿಗೆ ಅವರು ಸೇನೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಒಬ್ಬರೇ ಇದ್ದರು. ಮೆತ್ತಗಿನ ಮಾತು. ಓದಿದ ಪೇಪರನ್ನೂ ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಿದ್ದರು. ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಒಂದೇ ಸಲ.

ಆ ದಿನ ನನ್ನ ಯಜಮಾನರು ಅಬ್ಬಿಗೆರೆಯಲ್ಲಿ ವರ್ಕ್‌ಶಾಪಿಗೆಂದು ಹಿಡಿದ ಶೆಡ್ ಕ್ಲೀನ್ ಮಾಡಲು ಹೋಗಿದ್ದರು. ಹಿಂದಿನವರು ಬಿಟ್ಟುಹೋಗಿದ್ದ, ಲೇಬಲ್ ಇಲ್ಲದ ತುಕ್ಕು ಡ್ರಮ್ಮೊಂದನ್ನು ಉರುಳಿಸುವಾಗ ಮುಚ್ಚಳ ಬಿಚ್ಚಿಕೊಂಡು ತೊಡೆ ಮೇಲೆ ಏನೋ ಚೆಲ್ಲಿತಂತೆ. ಹಾಗೇ ಸ್ಕೂಟರ್ ಹತ್ತಿ ಊಟಕ್ಕೆ ಬಂದರು. ಪ್ಯಾಂಟಿನ ಮೇಲೆ ಅಂಗೈಯಗಲದ ಜಿಡ್ಡು, ಅದಕ್ಕೆ ಬೆಳ್ಳುಳ್ಳಿಯಂಥ ವಾಸನೆ.

“ಉರಿ ಗಿರಿ ಏನೂ ಇಲ್ಲ ಕಣೇ. ಮೊದಲು ಊಟ ಹಾಕು,” ಅಂದರು ಅಂಗಳದಲ್ಲೇ ಚಪ್ಪಲಿ ಬಿಡುತ್ತಾ.

ನಾನು ಎರಡು ಬೆರಳಲ್ಲಿ ಬಟ್ಟೆ ಹಿಡಿದು ಮೂಸಿ ನೋಡಿದೆ. ಆಮೇಲೆ, ಯಾವುದಕ್ಕೂ ಇರಲಿ ಅಂತ, ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ತಂದೆ. ನಮ್ಮ ಮನೆಯಲ್ಲಿ ಸುಟ್ಟರೂ ಕೊಯ್ದರೂ ಅದೇ ಔಷಧಿ.

ನಮ್ಮ ಪೇಪರ್ ವಾಪಸ್ ಕೊಡಲು ಬಂದ ಅಂಕಲ್ ಆ ವಾಸನೆಗೆ ಗೇಟಿನಲ್ಲೇ ನಿಂತರು. ಡ್ರಮ್ಮಿನ ಕಥೆ ಪೂರ್ತಿ ಕೇಳಲೂ ಇಲ್ಲ.

“ಎಣ್ಣೆ ಹಚ್ಚಬೇಡಮ್ಮಾ! ದೂರ ಸರಿ! ಏ ಮಗೂ, ಅಲ್ಲೇ ನಿಂತ್ಕೋ!”

ಅಪ್ಪನ ಕಾಲು ತಬ್ಬಲು ಓಡಿಬರುತ್ತಿದ್ದ ಮಗಳು ಬಾಗಿಲಲ್ಲೇ ನಿಂತು ಅತ್ತುಬಿಟ್ಟಳು.

“ನೋವೇ ಇಲ್ವಲ್ಲ ಸರ್,” ಇವರು ನಕ್ಕರು.

“ಅದೇ ಅದರ ಮೋಸ ಕಣ್ರೀ. ಗುಳ್ಳೆ ಎಬ್ಬಿಸೋ ವಿಷದ ಬಗ್ಗೆ ಮಿಲಿಟ್ರೀಲಿ ನಮಗೆ ಟ್ರೈನಿಂಗ್ ಕೊಟ್ಟಿದ್ರು. ಬಿದ್ದಾಗ ಏನೂ ಗೊತ್ತಾಗಲ್ಲ, ಒಳಗೆ ಇಳೀತಾ ಇರುತ್ತೆ. ಗಂಟೆಗಟ್ಲೆ ಆದ್ಮೇಲೆ ಏಳುತ್ತೆ ಗುಳ್ಳೆ. ಇದು ಅದೇ ಅಂತ ನಾನು ಹೇಳ್ತಿಲ್ಲ. ಗೊತ್ತಿಲ್ಲ ಅಂದ್ಮೇಲೆ ಅದೇ ಅಂತ ತಿಳ್ಕೊಂಡು ನಡೀಬೇಕು. ಬಿಚ್ಚಿ ಪ್ಯಾಂಟು!”

“ಇಲ್ಲೇನಾ? ಬೀದಿ ಮುಂದೆ?”

“ಇಲ್ಲೇ. ಒಳಗೆ ಹೋದ್ರೆ ಮನೆಗೆಲ್ಲ ಹಚ್ತೀರಾ.”

ಅಂಕಲ್ ತಮ್ಮ ಮನೆಯಿಂದ ರಬ್ಬರ್ ಗ್ಲೌಸ್ ಹಾಕಿಕೊಂಡು ಬಂದರು. ಪ್ಯಾಂಟನ್ನು ಎಳೆಯದೆ ಕತ್ತರಿಯಿಂದ ಕತ್ತರಿಸಿ ತೆಗೆದರು, ಎರಡು ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿದು ಕಟ್ಟಿದರು. ಗಿಡಕ್ಕೆ ಹಾಕುವ ಪೈಪಿನಲ್ಲಿ ನೀರು, ಸೋಪು, ಮತ್ತೆ ನೀರು. “ಉಜ್ಜಬೇಡಿ, ಸುಮ್ನೆ ಹರೀಲಿ,” ಅನ್ನುತ್ತಲೇ ಇದ್ದರು. ಮಹಡಿಗಳ ಮೇಲೆ ಜನ ಸಾಲುಗಟ್ಟಿದ್ದರು. ಯಾರದೋ ಮೊಬೈಲ್, ಯಾರದೋ ಕಿಸಕ್ ನಗು. ಕಾನ್ವೆಂಟಿನಲ್ಲಿ ಸ್ಕರ್ಟು ಮೊಣಕಾಲಿಂದ ಒಂದಿಂಚು ಮೇಲಿದ್ದರೂ ಬೈಸಿಕೊಂಡವಳು ನಾನು. ನಾಚಿಕೆಗೆ ತಲೆ ಎತ್ತಲಾಗಲಿಲ್ಲ. ನನ್ನ ಕೈಯನ್ನೂ ತೊಳೆಯಲು ಹೇಳಿದಾಗ, ಅವರ ಸಮಾಧಾನಕ್ಕೆ ಅನ್ನುವ ಹಾಗೆ ತೊಳೆದೆ.

ಆಟೋ ಹತ್ತಿಸುವಾಗಲೂ ಬಿಡಲಿಲ್ಲ. “ನೋವಿಲ್ಲ ಅಂತ ವಾಪಸ್ ಬಂದ್ಬಿಟ್ಟೀರಿ! ಡ್ರಮ್ಮಿನ ವಿಷ್ಯ ಮೊದ್ಲು ಹೇಳಿ.”

ಆಸ್ಪತ್ರೆಯ ಬೆಂಚಿನ ಮೇಲೆ ಗಡಿಯಾರ ನೋಡುತ್ತಾ ಕೂತೆ. ಎರಡು ಗಂಟೆ, ಮೂರು ಗಂಟೆ... ಏನೂ ಇಲ್ಲ. ಮುದುಕರ ಹುಚ್ಚಾಟಕ್ಕೆ ಮಾನ ಹೋಯಿತಲ್ಲ ಅಂದುಕೊಳ್ಳುತ್ತಿದ್ದಾಗಲೇ ಬೆರಳು ಕಡಿಯತೊಡಗಿತು. ಬಟ್ಟೆ ಹಿಡಿದಿದ್ದ ಆ ಎರಡೇ ಬೆರಳು. ಸಂಜೆಯ ಹೊತ್ತಿಗೆ ಅದರ ಮೇಲೆ ನೆನೆದ ಸಬ್ಬಕ್ಕಿಯಂಥ ಗುಳ್ಳೆಗಳು. ಇವರ ತೊಡೆಯಲ್ಲಿ ನಿಂಬೆಹಣ್ಣಿನಷ್ಟು ಒಂದು. “ಬೇಗ ತೊಳೆದಿದ್ದಕ್ಕೆ ಇಷ್ಟರಲ್ಲೇ ನಿಂತಿದೆ,” ಅಂದರು ಡಾಕ್ಟರು. ತಬ್ಬಲು ಬಂದ ಮಗಳ ಕೆನ್ನೆ ಆ ತೊಡೆಯಷ್ಟೇ ಎತ್ತರಕ್ಕಿತ್ತು...

ಆದರೂ ನಾನು ಅವರ ಗೇಟು ತಟ್ಟಲಿಲ್ಲ. ಆ ವಿಡಿಯೋ ಬೀದಿಯಲ್ಲೆಲ್ಲ ಓಡಾಡಿತ್ತು. ಅವರ ಮುಖ ನೋಡಿದರೆ ಅದೇ ಕಣ್ಣಿಗೆ ಕಟ್ಟುತ್ತಿತ್ತು. ಹಬ್ಬಕ್ಕೆ ಹೋಗಿ ಹೇಳೋಣ, ಹಬ್ಬ ಕಳೀಲಿ, ಹೇಳೋಣ... ಅಷ್ಟರಲ್ಲಿ ಒಂದು ದಿನ ಎದೆನೋವೆಂದು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮತ್ತೆ ಬರಲಿಲ್ಲ. ಒಂದು ಥ್ಯಾಂಕ್ಸ್ ನನ್ನಲ್ಲೇ ಉಳಿದುಹೋಯಿತು.

ಇವತ್ತು ಸಂಜೆ ಗಿಡಕ್ಕೆ ನೀರು ಬಿಡುತ್ತಿದ್ದೆ. ಪಕ್ಕದ ಮನೆಗೆ ಹೊಸದಾಗಿ ಬಂದವರು ಕಾಂಪೌಂಡಿನ ಆಚೆಯಿಂದ ನಗುತ್ತಾ ಕೇಳಿದರು: “ಎದುರುಮನೇಲಿ ಯಾರೋ ಮಿಲಿಟ್ರಿ ಮುದುಕ ಇದ್ದನಂತೆ? ಯಾರನ್ನೋ ಹಿಡ್ಕೊಂಡು ಬೀದೀಲಿ ಪ್ಯಾಂಟ್ ಬಿಚ್ಚಿಸಿದ್ನಂತೆ ಕಣ್ರೀ! ಪಾಪ, ತಲೆ ಸರಿ ಇರ್ಲಿಲ್ವೇನೋ.”